ಜೀಪಿನ ಮೂಗಿಗೊಂದು ವಿಂಚ್

ಯಂತ್ರ ಮಾಡುವವರು ಅದು ಹೇಗೆ ಕೆಲಸ ಮಾಡಬೇಕೆಂದು ಒಂದು ಪುಸ್ತಕ ಬರೆದು ಜೊತೆಗೇ ಕಳಿಸುತ್ತಾರೆ. ಆ ಪುಸ್ತಕ ಬರೆಯುವವರಲ್ಲಿ ಒಬ್ಬರೂ ಸಿರುಗುಪ್ಪದ ಎರೆಮಣ್ಣಿನಲ್ಲಿ ಒಂದು ಮಳೆಗಾಲ ಕಳೆದವರಲ್ಲ. ಅದಕ್ಕೇ ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ.

ನಾನು ಆಗ ಕಾಲುವೆ ಸರ್ವೇಯಲ್ಲಿ ಓವರ್‌ಸಿಯರ್. ಯುದ್ಧ ಮುಗಿದು, ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ನೀರು ಬರುವ ಮೊದಲು ಕಾಲುವೆ ಬರಬೇಕು, ಕಾಲುವೆ ಬರುವ ಮೊದಲು ನಕ್ಷೆಯ ಮೇಲೆ ಅದರ ಗೆರೆ ಬರಬೇಕು. ಆ ಗೆರೆ ಎಳೆಯುವುದು ನಮ್ಮ ಕೆಲಸ. ಬಳ್ಳಾರಿಯಲ್ಲಿ ಕಚೇರಿ, ಬಯಲಿನಲ್ಲಿ ಡೇರೆ, ನಡುವೆ ಓಡಾಡಲು ಪಡೆಯವರು ಬಿಟ್ಟುಹೋದ ಹಳೆಯ ಜೀಪು. ನಮಗೆಲ್ಲ ಒಬ್ಬ ಇಂಜಿನಿಯರ್ ಸಾಹೇಬರು. ಜೀಪಿಗೆ ಒಬ್ಬ ಡ್ರೈವರ್. ಅಳತೆಯ ಚೈನು ಹಿಡಿಯಲು ಇಬ್ಬರು ಆಳುಗಳು.

೧. ಎತ್ತಿನ ಋಣ

ಎರೆಮಣ್ಣಿನ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಬೆಲ್ಲದ ಪಾಕವಾಗುತ್ತದೆ. ಅದರಲ್ಲಿ ಇಳಿದ ಜೀಪಿನ ನಾಲ್ಕೂ ಗಾಲಿ ತಿರುಗುತ್ತವೆ, ಜೀಪು ಮಾತ್ರ ಇದ್ದಲ್ಲೇ ಕೆಳಗೆ ಪ್ರಯಾಣ ಮಾಡುತ್ತದೆ. ಆಮೇಲೆ ಎತ್ತುಗಳೇ ಗತಿ.

ಎತ್ತು ಕೊಡಲು ರೈತರು ಹಿಂದೆಮುಂದೆ ನೋಡಿದವರಲ್ಲ. ಎರಡು ಜೊತಿ ಎತ್ತು ಕಟ್ಟಿ, ಹುರಿದುಂಬಿಸಿ, ಜೀಪನ್ನು ಮೇಲೆ ತಂದು, ಕೈಕಾಲು ತೊಳೆಯಲು ನೀರು ಕೊಟ್ಟು, ಕುಡಿಯಲು ಮಜ್ಜಿಗೆ ಕೊಟ್ಟು, ಆಮೇಲೆ ಕೇಳುತ್ತಿದ್ದರು.

"ಸಾಹೇಬ್ರ, ಒಂದು ಮಾತು ಐತ್ರಿ. ಆ ಕಾಲುವಿ ಗೀಟು ನನ್ನ ಹೊಲದಾಗ ಹಾದೈತಂತ. ಸ್ವಲ್ಪ ಬಾಜೂಕ ಸರಸಾಕ ಬರತೈತೇನ್ರಿ?"

"ಬಾಜೂಕ ಯಾರ ಹೊಲ?"

"ನಮ್ಮ ಅಣ್ಣಂದು. ಅವ ಒಳ್ಳೆ ಮನಷಾ ಅದಾನ, ಬಿಡ್ರಿ."

ಕಾಲುವೆ ಪಕ್ಕದವನ ಹೊಲದಲ್ಲಿ ಹರಿಯಬೇಕು, ನೀರು ತನ್ನ ಹೊಲಕ್ಕೆ ಬರಬೇಕು ಎಂಬುದು ಅಲ್ಲಿಯವರ ನ್ಯಾಯವಾದ ಬೇಡಿಕೆ. ಮಜ್ಜಿಗೆ ಕುಡಿದ ಬಾಯಲ್ಲಿ ಆಗುವುದಿಲ್ಲ ಎನ್ನುವುದು ಕಷ್ಟ. ಒಂದು ಮುಂಗಾರಿನಲ್ಲಿ ಹನ್ನೊಂದು ಸಲ ಸಿಕ್ಕಿಬಿದ್ದೆವು. ಹನ್ನೊಂದು ಅರ್ಜಿ ಬಂದವು. ಇಂಜಿನಿಯರ್ ಸಾಹೇಬರು ಯಾವುದಕ್ಕೂ ಮಣಿಯಲಿಲ್ಲ. ಆದರೆ ಒಬ್ಬ ಅರ್ಜಿದಾರ ಮದ್ರಾಸಿನವರೆಗೂ ಬರೆದ. ಎತ್ತು ತನ್ನದು, ಗೆರೆ ಮಾತ್ರ ತನ್ನ ಅಣ್ಣನ ಪರ ಹೋಗಿದೆ, ಇದೆಲ್ಲಿಯ ನ್ಯಾಯ ಎಂದು.

ಮದ್ರಾಸಿನಿಂದ ಹುಕುಂ ಬಂತು. ಇನ್ನು ಮುಂದೆ ಸರ್ಕಾರಿ ಜೀಪನ್ನು ಖಾಸಗಿ ಎತ್ತುಗಳಿಂದ ಎಳೆಸಕೂಡದು. ಇನ್ನೊಂದು ಸಲ ಹಾಗಾದರೆ ಜೀಪನ್ನು ಬೇರೆ ಜಿಲ್ಲೆಗೆ ಕಳಿಸಿ, ಡ್ರೈವರನ ಹುದ್ದೆಯನ್ನು ರದ್ದು ಮಾಡಲಾಗುವುದು.

ಡ್ರೈವರ್ ಬರ್ಮಾದಲ್ಲಿ ಜಪಾನಿನವರ ಗುಂಡಿನ ನಡುವೆ ಲಾರಿ ಓಡಿಸಿ ಬಂದವನು. ಯುದ್ಧ ಮುಗಿದ ಮೇಲೆ ಎರಡು ವರ್ಷ ಬಳ್ಳಾರಿಯ ಕೌಲ್‌ಬಜಾರಿನ ಮನೆಯ ಕಟ್ಟೆಯ ಮೇಲೆ ಕೆಲಸವಿಲ್ಲದೆ ಕೂತು, ಈ ನೌಕರಿ ಹಿಡಿದಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಮೂರು ಮಕ್ಕಳು. ಹುಕುಮನ್ನು ನಾನು ಓದಿ ಹೇಳಿದೆ. ಅವನು ಕೇಳಿದ:

"ಜಪಾನಿನವ್ರ ಕೈಲೆ ಆಗಲಾರದ್ದು ಎತ್ತು ಮಾಡ್ತಾವನ್ರಿ?"

೨. ಎಷ್ಟು ಜೊತಿ?

ಉಪಾಯ ಹೇಳಿದವನೂ ಡ್ರೈವರನೇ. ಪಡೆಯ ಗಾಡಿಗಳ ಮೂಗಿನ ಮೇಲೆ ವಿಂಚ್ ಎಂಬುದೊಂದು ಇರುತ್ತದಂತೆ. ಒಂದು ಉಕ್ಕಿನ ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗದ ತುದಿಯನ್ನು ಮುಂದೆ ಏನಾದರೂ ಗಟ್ಟಿಯಾದದ್ದಕ್ಕೆ ಕಟ್ಟಿ ಇಂಜಿನ್ ನಡೆಸಿದರೆ, ಉರುಳೆ ಹಗ್ಗವನ್ನು ಸುತ್ತಿಕೊಳ್ಳುತ್ತ ಹೋಗುತ್ತದೆ, ಗಾಡಿ ತನ್ನನ್ನು ತಾನೇ ಕೆಸರಿನಿಂದ ಎಳೆದುಕೊಳ್ಳುತ್ತದೆ. ಯಾರ ಮಜ್ಜಿಗೆಯೂ ಬೇಡ.

ದಂಡಿನ ಪ್ರದೇಶದಲ್ಲಿ ಯುದ್ಧದ ಹಳೆಯ ಸಾಮಾನು ಮಾರುವ ಒಂದು ಅಂಗಳವಿತ್ತು. ಅಲ್ಲಿಗೆ ಸಾಹೇಬರು, ಡ್ರೈವರ್, ನಾನು, ಮತ್ತು ಕೌಲ್‌ಬಜಾರಿನ ಒಬ್ಬ ಫಿಟ್ಟರ್ ಹೋದೆವು. ಎರಡು ವಿಂಚ್ ಇದ್ದವು. ಒಂದು ದೊಡ್ಡ ಲಾರಿಯಿಂದ ಕಳಚಿದ್ದು, ಮಲಗಿದ ಎಮ್ಮೆಕರುವಿನಷ್ಟಿತ್ತು. ಇನ್ನೊಂದು ಬಿಂದಿಗೆಯಷ್ಟು.

"ಇದು ಎಷ್ಟು ಟನ್ ಎಳೆಯುತ್ತದೆ?" ಎಂದರು ಸಾಹೇಬರು.

ತೂಕ ಕೆತ್ತಿದ ತಗಡು ಎರಡರಲ್ಲೂ ಬಿದ್ದುಹೋಗಿತ್ತು. ಫಿಟ್ಟರ್ ದೊಡ್ಡದನ್ನು ಕಾಲಿನಿಂದ ಒಮ್ಮೆ ಒದ್ದ. "ಇದು ಆರು ಜೊತಿ, ಸಾಬ್." ಚಿಕ್ಕದನ್ನು ಒದ್ದ. "ಇದು ಎರಡು ಜೊತಿ. ಬಿಲ್ಕುಲ್ ಎರಡೇ."

"ನಾನು ಟನ್ ಕೇಳಿದೆ."

"ಟನ್ ನನಗ ತಿಳಿಯಂಗಿಲ್ಲ ಸಾಬ್. ಎತ್ತಿನ ಬದಲಿಗೆ ತಾನೇ ತಗೊಳ್ಳಾಕ ಬಂದೀರಿ? ಎತ್ತಿನ ಲೆಕ್ಕದಾಗ ಕೇಳ್ರಿ."

ಸಾಹೇಬರಿಗೆ ಆರು ಜೊತಿಯ ಮೇಲೆ ಮನಸ್ಸಾಯಿತು. ಡ್ರೈವರ್ ಮೆಲ್ಲಗೆ, "ಬ್ಯಾಡ್ರಿ ಸಾಹೇಬ್ರ. ಜೀಪು ಸಣ್ಣದು. ಇಲಿ ಮ್ಯಾಲ ಗಣಪತಿ ಕುಂತಂಗ ಆಕೈತಿ," ಎಂದ.

ಸಾಹೇಬರು ದೈವಭಕ್ತರು. "ಯಾಕಯ್ಯಾ, ಗಣಪತಿ ಇಲಿಯ ಮೇಲೆ ಕೂತು ಲೋಕವನ್ನೇ ಸುತ್ತಿ ಬರಲಿಲ್ಲವೇ?"

"ಎಲ್ಲಿ ಸುತ್ತಿದ್ರಿ? ಇಲಿ ಕೈಲೆ ಆಗಂಗಿಲ್ಲ ಅಂತ ಅಪ್ಪ ಅವ್ವನ್ನ ಸುತ್ತಿ ಕೈ ಮುಗದ. ಲೋಕ ಸುತ್ತಿದ್ದು ನವಿಲ್ರಿ."

೩. ಮೂಗಿನ ಭಾರ

ಆರು ಜೊತಿಯದೇ ಬಂತು. ಫಿಟ್ಟರ್ ಎರಡು ದಿನ ಬಡಿದು ಅದನ್ನು ಜೀಪಿನ ಮುಂದೆ ಕೂರಿಸಿದ. ಜೀಪು ಮಣೆ ಮೇಲೆ ಕೂತ ಮದುಮಗಳ ಹಾಗೆ ತಲೆ ತಗ್ಗಿಸಿತು. ಸ್ಟಿಯರಿಂಗ್ ಹಿಡಿದ ಡ್ರೈವರನಿಗೆ ರಸ್ತೆಯಲ್ಲಿ ಬಿದ್ದ ಲಾಳದ ಮೊಳೆ ಕಾಣುತ್ತಿತ್ತು, ಎದುರಿನ ಬಸ್ಸು ಕಾಣುತ್ತಿರಲಿಲ್ಲ. ಮೋಕ ಎಂಬ ಊರಿನ ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂದಾಗ ಅವನು ಬ್ರೇಕ್ ಒತ್ತಿದ. ಹಿಂದಿನ ಎರಡೂ ಗಾಲಿ ನೆಲ ಬಿಟ್ಟವು. ಹಿಂದೆ ಕೂತಿದ್ದ ನಾನು ಎಮ್ಮೆಯನ್ನು ಮೊದಲ ಬಾರಿಗೆ ಮೇಲಿನಿಂದ ನೋಡಿದೆ.

ಸಾಹೇಬರು ಲೆಕ್ಕದವರು. ಮುಂದೆ ಭಾರ ಹೆಚ್ಚಾದರೆ ಹಿಂದೆಯೂ ಅಷ್ಟೇ ಹಾಕಬೇಕು ಎಂದರು. ಬಳ್ಳಾರಿಯಲ್ಲಿ ಬೇರೆ ಏನಕ್ಕೆ ಬರ ಬಂದರೂ ಕಲ್ಲಿಗೆ ಬಂದಿಲ್ಲ. ನಾಲ್ಕು ಚೀಲ ಜಲ್ಲಿ ತುಂಬಿ ಹಿಂದೆ ಇಟ್ಟೆವು. ಜೀಪು ನೆಟ್ಟಗಾಯಿತು. ಮೋಕ ದಾಟಿ ಹಳ್ಳದ ಅಂಚಿಗೆ ಇಳಿದ ಕೂಡಲೇ ಹೂತುಹೋಯಿತು. ಅದುವರೆಗೆ ಜೀಪು ಯಾವಾಗ ಹೂತರೂ ಒಂದು ಕಡೆ ವಾಲುತ್ತಿತ್ತು. ಆ ದಿನ ಹಿಂದೆ ಮುಂದೆ ಸಮನಾಗಿ ಹೂತಿತು. ನಾನು ಮಟ್ಟ ನೋಡುವ ಗಾಜಿನ ಕೊಳವೆ ಇಟ್ಟು ನೋಡಿದೆ. ಅದರೊಳಗಿನ ಗುಳ್ಳೆ ಕರಾರುವಾಕ್ಕಾಗಿ ನಡುವೆ ನಿಂತಿತ್ತು.

ವಿಂಚ್ ನಡೆಸೋಣವೆಂದರೆ ಹಗ್ಗ ಸುತ್ತಿದ ಉರುಳೆಯೇ ಕೆಸರಿನೊಳಗಿತ್ತು. ದಡದ ಮೇಲೆ ಒಬ್ಬ ರೈತ ಎತ್ತು ಹಿಡಿದು ಬಂದು, "ಕಟ್ಟಲೇನ್ರಿ?" ಎಂದ. ಡ್ರೈವರ್, "ಹತ್ರ ಬರಬ್ಯಾಡಪಾ, ನಿನ್ನ ಪಾದಕ್ಕ ಬೀಳ್ತೀನಿ," ಎಂದು ಕೈ ಮುಗಿದ.

ಜಲ್ಲಿ ಚೀಲ ಎಸೆದೆವು. ಬೋಲ್ಟುಗಳನ್ನು ಬಿಚ್ಚಿ ಆ ವಿಂಚನ್ನು ದಡದಲ್ಲಿದ್ದವರೂ ಸೇರಿ ಆರು ಜನ ಹೊತ್ತು ದಡಕ್ಕೆ ಹಾಕಿದೆವು. ಜೀಪು ಹಗುರಾಗಿ, ಒಂದು ನೂಕಿಗೆ ಮೇಲೆ ಬಂತು. ಆ ವಿಂಚಿನಿಂದ ನಮಗಾದ ಉಪಕಾರ ಅದೊಂದೇ. ಬಿಚ್ಚಿ ಎಸೆದ ಕೂಡಲೇ ಜೀಪು ಹೊರಗೆ ಬಂತು.

೪. ಕುರುಗೋಡಿನ ಪರೀಕ್ಷೆ

ದೊಡ್ಡದನ್ನು ಕೊಟ್ಟು ಚಿಕ್ಕದನ್ನು ತಂದೆವು. ಈ ಸಲ ಪರೀಕ್ಷೆ ಮಾಡದೆ ಹೊಲಕ್ಕೆ ಇಳಿಯುವುದಿಲ್ಲವೆಂದು ಡ್ರೈವರ್ ಹಟ ಹಿಡಿದ. ಆಗ ಕುರುಗೋಡಿನ ಗುಡ್ಡದ ಬುಡದಲ್ಲಿ ನಮ್ಮ ಡೇರೆ ಇತ್ತು. ಅಲ್ಲಿ ಹೆಜ್ಜೆಗೊಂದು ಬಂಡೆ. ಮನೆಯಷ್ಟು ದೊಡ್ಡ ಬಂಡೆಯೊಂದಕ್ಕೆ ಹಗ್ಗ ಕಟ್ಟಿ, ಜೀಪನ್ನು ಒಂದು ತಗ್ಗಿನಲ್ಲಿ ಇಳಿಸಿ, ಡ್ರೈವರ್ ಇಂಜಿನ್ ಎಬ್ಬಿಸಿದ. ಊರಿನ ಅರ್ಧ ಜನ ಬಂಡೆಗಳ ಮೇಲೆ ಕೂತಿದ್ದರು.

"ಹಗ್ಗದ ಹತ್ರ ಯಾರೂ ನಿಲ್ಲಬ್ಯಾಡ್ರಿ. ಹರದ್ರ ಮನಷಾನ್ನ ಎರಡು ಮಾಡ್ತೈತಿ," ಎಂದು ಅವನು ಕೂಗಿದ. ಹಗ್ಗ ಬಿಗಿಯಿತು. ತಂಬೂರಿಯ ತಂತಿಯ ಹಾಗೆ ಸಣ್ಣಗೆ ಹಾಡಿತು. ಠಣ್ ಎಂದು ಒಂದು ಸದ್ದು. ವಿಂಚ್ ಜೀಪಿನ ಮುಂದಿನ ಕಬ್ಬಿಣದ ಪಟ್ಟಿಯನ್ನು ಕಿತ್ತುಕೊಂಡು, ಕುಣಿಯುತ್ತ ಹೋಗಿ ಬಂಡೆಗೆ ಬಡಿದು ನಿಂತಿತು. ಜೀಪು ತಗ್ಗಿನಲ್ಲೇ ಇತ್ತು.

ಸಾಹೇಬರು ಫಿಟ್ಟರನ ಕಡೆ ತಿರುಗಿದರು. ಅವನು ವಿಂಚನ್ನು ಜೀಪಿನ ಅಸ್ಥಿಪಂಜರಕ್ಕೆ ಬಿಗಿಯುವ ಬದಲು ಮುಂದಿನ ಅಲಂಕಾರದ ಪಟ್ಟಿಗೆ ಬಿಗಿದಿದ್ದ. ಆದರೂ ತಗ್ಗಲಿಲ್ಲ.

"ವಿಂಚ್ ಮಜಬೂತ್ ಐತಿ ಸಾಬ್. ನೋಡಿದ್ರಲ್ಲ, ಹ್ಯಾಂಗ ಹೋತು! ಜೀಪು ಬರಲಿಲ್ಲಂದ್ರ ಅದು ಜೀಪಿನ ತಪ್ಪು."

ಮರುದಿನ ಗಾಡಿಯ ಉದ್ದಕ್ಕೂ ಹೋಗುವ ಎರಡು ಉಕ್ಕಿನ ತೊಲೆಗಳಿಗೇ ದಪ್ಪ ಬೋಲ್ಟು ಹಾಕಿ ಕೂರಿಸಿದ. ಈ ಸಲ ಇಡೀ ಊರೇ ಬಂದಿತ್ತು, ಆದರೆ ದೂರ ಕೂತಿತ್ತು. ಹಗ್ಗ ಬಿಗಿಯಿತು, ಹಾಡಿತು. ಜೀಪು ತಗ್ಗಿನಿಂದ ಎದ್ದು, ಹೆಜ್ಜೆ ಹೆಜ್ಜೆಯಾಗಿ ಹೋಗಿ ಬಂಡೆಯ ಬುಡಕ್ಕೆ ಮೂಗು ಮುಟ್ಟಿಸಿತು. ಸಾಹೇಬರು ಚಪ್ಪಾಳೆ ತಟ್ಟಿದರು. ಊರಿನವರು ಮಾತ್ರ ಮುಖ ಸಪ್ಪೆ ಮಾಡಿಕೊಂಡು ಎದ್ದರು. ಒಬ್ಬ ಮುದುಕ ಡ್ರೈವರನ ಬೆನ್ನು ತಟ್ಟಿ ಸಮಾಧಾನ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ನಮ್ಮೂರ ಕಲ್ಲು ಯಾರಿಗೂ ಅಲಗಾಡಿಲ್ಲ."

೫. ಸಮುದ್ರ ಮಟ್ಟದಿಂದ ಎತ್ತರ

ಕುರುಗೋಡಿನಲ್ಲಿ ಡ್ರೈವರ್ ಹದಿನೈದು ದಿನ ಅಭ್ಯಾಸ ಮಾಡಿದ. ಕಣ್ಣು ಕಟ್ಟಿದರೂ ಬಂಡೆಗೆ ಹಗ್ಗ ಹಾಕುವಷ್ಟು ನುರಿತ. ಆಮೇಲೆ ಮಳೆ ಬಂತು, ನಾವು ಸಿರುಗುಪ್ಪದ ಬಯಲಿಗೆ ಹೋದೆವು. ಎರಡನೆಯ ದಿನವೇ ಜೀಪು ಹೂತಿತು. ಡ್ರೈವರ್ ಮೀಸೆಯ ಅಂಚಿನಲ್ಲಿ ನಗುತ್ತ ಇಳಿದು, ಹಗ್ಗದ ಕೊಕ್ಕೆ ಹಿಡಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ಬಲಕ್ಕೆ ನೋಡಿದ. ಎಡಕ್ಕೆ ನೋಡಿದ. ಆಕಾಶದ ಅಂಚಿನವರೆಗೆ ಕಪ್ಪು ನೆಲ. ಮರವಿಲ್ಲ, ಬಂಡೆಯಿಲ್ಲ. ನಾಯಿಗೆ ಒಗೆಯಲು ಒಂದು ಹರಳೂ ಇಲ್ಲ.

ವಿಂಚ್ ಇತ್ತು. ಹಗ್ಗ ಇತ್ತು. ಕಟ್ಟಲು ಜಗತ್ತಿರಲಿಲ್ಲ.

ದೂರದಲ್ಲಿ ಎರಡು ಜೊತಿ ಎತ್ತು ಆಗಲೇ ನಮ್ಮ ಕಡೆ ತಿರುಗಿದ್ದವು. ಡ್ರೈವರ್ ಹುಚ್ಚು ಹಿಡಿದವನ ಹಾಗೆ ಸುತ್ತ ನೋಡಿ, "ಸಿಕ್ತು!" ಎಂದು ಓಡಿದ. ನಲವತ್ತು ಗಜದ ಆಚೆ ಮೊಳಕಾಲೆತ್ತರದ ಒಂದು ಕಲ್ಲು ನಿಂತಿತ್ತು. ಕೊಕ್ಕೆ ಹಾಕಿ ಬಂದು ಇಂಜಿನ್ ಎಬ್ಬಿಸಿದ. ಜೀಪು ಒಂದು ಗೇಣು ಎದ್ದಿತು. ಆಮೇಲೆ ಕಲ್ಲು ಮೂಲಂಗಿಯ ಹಾಗೆ ನೆಲದಿಂದ ಎದ್ದು, ಉರುಳುರುಳುತ್ತ ಬಂದು ಜೀಪಿನ ಮುಂದೆ ನಿಂತಿತು. ಅದರ ನೆತ್ತಿಯ ಮೇಲೆ ನಮ್ಮ ಕಚೇರಿಯ ಗುರುತಿತ್ತು.

ಆ ಬಯಲಿನಲ್ಲಿ ಇದ್ದ ಒಂದೇ ಕಲ್ಲು ಅದು. ಅದೂ ಇದ್ದದ್ದು ಹಿಂದಿನ ಬೇಸಿಗೆಯಲ್ಲಿ ನಾವೇ ನೆಟ್ಟದ್ದರಿಂದ. ಹತ್ತು ಮೈಲಿಯ ಕಾಲುವೆಯ ಏರಿಳಿತವನ್ನೆಲ್ಲ ಸಮುದ್ರ ಮಟ್ಟದಿಂದ ಅದಕ್ಕಿದ್ದ ಎತ್ತರವನ್ನು ಹಿಡಿದೇ ಅಳೆದಿದ್ದೆವು.

ಸಾಹೇಬರು ಕಲ್ಲನ್ನು ನೋಡಿದರು. ಕೂಗಿದ್ದರೆ ಚೆನ್ನಾಗಿತ್ತು. ತೀರಾ ಮೆಲ್ಲಗೆ ಕೇಳಿದರು: "ಈಗ ನಾವು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ, ಯಾರಿಗಾದರೂ ಗೊತ್ತೇ?"

ಡ್ರೈವರ್ ಕೆಸರಿನಲ್ಲಿ ಮುಳುಗಿದ ತನ್ನ ಕಾಲು ನೋಡಿಕೊಂಡು ಹೇಳಿದ: "ಸಮುದ್ರದ್ದು ಗೊತ್ತಿಲ್ರಿ. ಈ ಹೊಲಕ್ಕಿಂತ ಮೊಳಕಾಲಷ್ಟು ಕೆಳಗ ಅದೀವಿ."

ಎತ್ತುಗಳಿಗೆ ಅವನು ಜೀಪನ್ನು ಮುಟ್ಟಗೊಡಲಿಲ್ಲ. ಬಿಸಿಲು ಬಂದು ನೆಲ ಒಣಗುವವರೆಗೆ ಎರಡು ದಿನ ಜೀಪಿನಲ್ಲೇ ಕೂತಿದ್ದ. ಎತ್ತಿನ ಯಜಮಾನನೇ ಅವನಿಗೆ ರೊಟ್ಟಿ ತಂದು ಕೊಟ್ಟ. "ಹಟಮಾರಿ ಎತ್ತು ನೋಡೀನಿ, ಹಿಂಥ ಡ್ರೈವರ್‌ನ ನೋಡಿದ್ದಿಲ್ಲ," ಎಂದನಂತೆ.

೬. ಮದ್ರಾಸಿನ ಕಣ್ಣೆದುರಿಗೆ

ಕಿತ್ತ ಕಲ್ಲಿನ ಸುದ್ದಿ ಮದ್ರಾಸಿಗೆ ಮುಟ್ಟಿತು. ಜೀಪು ಇರಬೇಕೋ ಹೋಗಬೇಕೋ ಎಂದು ಕಣ್ಣಾರೆ ಕಂಡು ತೀರ್ಮಾನಿಸಲು ಅಲ್ಲಿಂದ ಮೇಲಧಿಕಾರಿಯೊಬ್ಬರು ಬಂದರು. ಎತ್ತರದ ಆಳು, ಬಿಳಿಯ ಪ್ಯಾಂಟು, ಕಪ್ಪು ಕೊಡೆ. ಮಾತು ಕಡಿಮೆ. ಸಿರುಗುಪ್ಪದಿಂದ ಹೊಲದ ದಾರಿ ಹಿಡಿದು ತೆಕ್ಕಲಕೋಟೆಯ ಬಂಗಲೆ ಸೇರುವುದೆಂದಾಯಿತು. ಡ್ರೈವರ್ ಆ ಬೆಳಗ್ಗೆ ಬಾಯಿಗೆ ನೀರೂ ಹಾಕಿರಲಿಲ್ಲ.

ನಾಲ್ಕು ಮೈಲಿ ಹೋಗುವಷ್ಟರಲ್ಲಿ ಮಳೆ ಹನಿಯಿತು. ಐದನೆಯ ಮೈಲಿಯಲ್ಲಿ ಜೀಪು ಹೂತಿತು. ಬದುವಿನ ಮೇಲೆ ಒಬ್ಬ ರೈತ ಬರಿಯ ಬಂಡಿ ಹೂಡಿಕೊಂಡು ಬರುತ್ತಿದ್ದವನು, ನಮ್ಮನ್ನು ನೋಡಿ ನಿಲ್ಲಿಸಿದ. ಎಲೆ ಅಡಿಕೆ ಚೀಲ ಬಿಚ್ಚಿದ.

"ಅವಸರ ಇಲ್ರಿ. ನಾವು ಇಲ್ಲೇ ಅದೀವಿ."

ಮೇಲಧಿಕಾರಿ ಕೊಡೆ ಬಿಚ್ಚಿ, ಕೆಸರಿಗೆ ಇಳಿದು ನಿಂತರು. ನಮ್ಮ ಸಾಹೇಬರು ನನ್ನನ್ನು ನೋಡಿದರು, ನಾನು ಡ್ರೈವರನನ್ನು ನೋಡಿದೆ. ಅವನು ಯಾರನ್ನೂ ನೋಡಲಿಲ್ಲ. ಜೀಪಿನ ಹಿಂದೆ ತೂಗುಹಾಕಿದ್ದ ಹೆಚ್ಚಿನ ಗಾಲಿಯನ್ನು ಕಳಚಿದ. ಬರ್ಮಾದಲ್ಲಿ ಕಂಡ ಉಪಾಯ ಅವನಿಗೆ ಆಗ ನೆನಪಾಗಿತ್ತು. ಮುಂದೆ ಮೂವತ್ತು ಗಜದಲ್ಲಿ ಎದೆಯಾಳದ ಗುಂಡಿ ತೋಡಿ, ಗಾಲಿಗೆ ಸರಪಳಿ ಬಿಗಿದು, ಹಗ್ಗದ ಕೊಕ್ಕೆಗೆ ಅದರ ತುದಿಯನ್ನು ಮೇಲೆ ಬಿಟ್ಟು, ಗಾಲಿಯನ್ನು ಗುಂಡಿಯಲ್ಲಿ ನಿಲ್ಲಿಸಿ, ಮೇಲೆ ಮಣ್ಣು ತುಂಬಿ ತುಳಿಯಬೇಕು. ಕಟ್ಟಲು ಜಗತ್ತಿಲ್ಲದಿದ್ದರೆ ಜಗತ್ತನ್ನು ಹೂಳಬೇಕು. ನಾನೂ ಚೈನು ಹಿಡಿಯುವ ಇಬ್ಬರೂ ತೋಡಿದೆವು. ಮಳೆ ಜೋರಾಯಿತು. ಗುಂಡಿಗೆ ನೀರು ಇಳಿಯತೊಡಗಿತು.

"ಸಾಹೇಬ್ರ, ದೂರ ಸರೀರಿ," ಎಂದ ಡ್ರೈವರ್. ಮೇಲಧಿಕಾರಿ ಸರಿದರು. ಹಗ್ಗ ನೆಲದಿಂದ ಎದ್ದು ನೆಟ್ಟಗಾಯಿತು. ಅದರ ಮೇಲಿನ ಹನಿಗಳೆಲ್ಲ ಒಮ್ಮೆಲೇ ಉದುರಿದವು. ಗುಂಡಿಯ ಮಣ್ಣು ಉಬ್ಬಿತು. ಡ್ರೈವರ್ ಕಣ್ಣು ಮುಚ್ಚಿದ. ಬದುವಿನ ಮೇಲೆ ರೈತ ಎಲೆ ಜಗಿಯುವುದನ್ನು ನಿಲ್ಲಿಸಿದ.

ಗಾಲಿ ಹಿಡಿಯಿತು. ಜೀಪು ಒಂದು ದೊಡ್ಡ ಎಮ್ಮೆ ಕೆರೆಯಿಂದ ಏಳುವ ಹಾಗೆ ಸದ್ದು ಮಾಡುತ್ತ ಎದ್ದು, ಮೂವತ್ತು ಗಜ ತೆವಳಿ, ಗಟ್ಟಿ ನೆಲಕ್ಕೆ ಬಂತು. ಮೇಲಧಿಕಾರಿ ಬೆಳಗಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟರು. "ವೆರಿ ಗುಡ್."

ಈಗ ಗಾಲಿ ತೆಗೆಯಬೇಕು. ಆದರೆ ಎಳೆತಕ್ಕೆ ಅದು ಇನ್ನೂ ಕೆಳಗೆ ಕಚ್ಚಿಕೊಂಡಿತ್ತು. ತೋಡಿದಷ್ಟೂ ಕೆಸರು ತುಂಬುತ್ತಿತ್ತು. "ಇರಲಿ ಬಿಡಿ, ನಾಳೆ ಜನರನ್ನು ಕಳಿಸಿ ತೆಗೆಸಿ," ಎಂದು ಮೇಲಧಿಕಾರಿ ಹತ್ತಿ ಕೂತರು. ಗೆದ್ದವರಿಗೆ ಒಂದು ಗಾಲಿ ದೊಡ್ಡದಲ್ಲ. ನಾವು ಕೊಕ್ಕೆ ಬಿಚ್ಚಿಕೊಂಡು, ಅದನ್ನು ಭೂಮಿತಾಯಿಗೆ ಬಿಟ್ಟು ಹೊರಟೆವು. ಡ್ರೈವರ್ ಹಾಡು ಗುನುಗುತ್ತಿದ್ದ.

ಒಂದೂವರೆ ಮೈಲಿಗೆ ಜಾಲಿ ಮುಳ್ಳು ಹೊಕ್ಕು ಮುಂದಿನ ಗಾಲಿ ನಿಟ್ಟುಸಿರು ಬಿಟ್ಟಿತು.

ಹೆಚ್ಚಿನ ಗಾಲಿ ಎಲ್ಲಿದೆ ಎಂಬುದು ಎಲ್ಲರಿಗೂ ನಿಖರವಾಗಿ ಗೊತ್ತಿತ್ತು. ಗಾಳಿಕೊಳವೆಗೆ ತೇಪೆ ಹಚ್ಚುವ ಅಂಟು ಡಬ್ಬಿಯಲ್ಲೇ ಕಲ್ಲಾಗಿತ್ತು. ಅರ್ಧ ಗಂಟೆಗೆ ಹಿಂದಿನಿಂದ ಗೆಜ್ಜೆಯ ಸದ್ದು ಕೇಳಿತು. ಅದೇ ರೈತ ತೆಕ್ಕಲಕೋಟೆಯ ತನ್ನ ಮನೆಗೆ ಹೊರಟಿದ್ದ.

"ಬರ್ರಿ ಸಾಹೇಬ್ರ, ಬಂಡಿ ಹತ್ರಿ. ಹಿಂದ ಜೀಪನೂ ಕಟ್ಟತೀನಿ. ನನ್ನ ಎತ್ತಿಗೆ ಅದೇನು ಭಾರ?"

ಮೇಲಧಿಕಾರಿ ದಣಿದಿದ್ದರು. "ಕಟ್ಟು, ಕಟ್ಟು," ಎಂದರು.

ಡ್ರೈವರ್ ಎತ್ತುಗಳಿಗೂ ಜೀಪಿಗೂ ನಡುವೆ ಕೈ ಚಾಚಿ ನಿಂತ.

"ಬ್ಯಾಡ್ರಿ ಸಾಹೇಬ್ರ! ಎತ್ತು ಜೀಪನ್ನ ಎಳದ್ರ ನನ್ನ ನೌಕರಿ ಹೋಗತೈತಿ. ನಿಮ್ಮ ಹುಕುಮೇ ಐತಿ. ನಿಮ್ಮನ್ನ ಎಳೀಲ್ರಿ, ನಿಮ್ಮನ್ನ ಎಳದ್ರ ಏನೂ ಆಗಂಗಿಲ್ಲ!"

ನಮ್ಮ ಸಾಹೇಬರು ಕಣ್ಣು ಮುಚ್ಚಿಕೊಂಡರು. ಮೇಲಧಿಕಾರಿ ಡ್ರೈವರನನ್ನು ನೋಡಿದರು, ಎತ್ತುಗಳನ್ನು ನೋಡಿದರು, ತಮ್ಮ ಬಿಳಿಯ ಪ್ಯಾಂಟನ್ನು ನೋಡಿಕೊಂಡರು. ಕೊಡೆ ಮಡಚಿ ಬಂಡಿ ಹತ್ತಿದರು. ಮೂರು ಮೈಲಿ ಬಂಡಿ ಕುಲುಕುತ್ತ ಹೋಯಿತು. ಡ್ರೈವರ್ ಜೀಪಿನ ಹತ್ತಿರವೇ ಉಳಿದ. ಮರುದಿನ ಗಾಲಿ ತೋಡಿ ತೆಗೆದು, ಹಾಕಿಕೊಂಡು ತಾನೇ ಬಂದ.

ಹದಿನೈದು ದಿನಕ್ಕೆ ಮದ್ರಾಸಿನಿಂದ ಲಕೋಟೆ ಬಂತು. ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದ. ಸಾಹೇಬರು ಒಡೆದು, ಮೊದಲು ತಾವು ಓದಿ, ಆಮೇಲೆ ಗಟ್ಟಿಯಾಗಿ ಓದಿದರು:

"ಪ್ರವಾಸದುದ್ದಕ್ಕೂ ಜೀಪಿಗೆ ಎತ್ತಿನ ಸಹಾಯ ಬೇಕಾಗಲಿಲ್ಲ. ಅಧಿಕಾರಿಗೆ ಬೇಕಾಯಿತು. ಆದ್ದರಿಂದ ಜೀಪು, ವಿಂಚ್ ಮತ್ತು ಡ್ರೈವರ್ ಇದ್ದಲ್ಲೇ ಇರಲಿ. ಮಳೆಗಾಲದಲ್ಲಿ ಮೇಲಧಿಕಾರಿಗಳ ಪ್ರವಾಸವನ್ನು ರದ್ದು ಮಾಡಲಾಗಿದೆ."